ಎರಡು ಹಿಂಡು ಎದುರಾಗುವಷ್ಟು ಅಗಲ

ಚಳ್ಳಕೆರೆಯಿಂದ ದೊಡ್ಡಉಳ್ಳಾರ್ತಿಯ ಕಡೆಗೆ ಹೋಗುವ ರಸ್ತೆಯ ಪಕ್ಕದ ಹೊಸ ಬಡಾವಣೆಯ ಕುರಿತು ಅಹವಾಲು ಸಭೆ ನಡೆದದ್ದು ನನ್ನ ದಿನಚರಿಯ ಪ್ರಕಾರ ಮಂಗಳವಾರ, ನೋಟಿಸಿನ ಪ್ರಕಾರ ಬುಧವಾರ. ನೋಟಿಸನ್ನೇ ನಂಬುತ್ತೇನೆ, ಆ ವಾರ ಹಳೆಯ ನಕಾಶೆಗಳಲ್ಲಿ ಮುಳುಗಿ ನಾನು ದಿನಗಳ ಲೆಕ್ಕ ತಪ್ಪಿದ್ದೆ.

ಮನೆಗಳಿಗೆಂದು ಗೊತ್ತುಮಾಡಿದ್ದ ಜಾಗದಲ್ಲಿ ರಸ್ತೆಯಂಚಿಗೆ ಅಂಗಡಿಗಳನ್ನೂ, ಅವುಗಳ ಮೇಲೆ ನಿಯಮಕ್ಕಿಂತ ಹೆಚ್ಚಾಗಿ ಒಂದು ಮಹಡಿಯನ್ನೂ ಕಟ್ಟಲು ಬಡಾವಣೆಯ ಮಾಲೀಕರು ಅನುಮತಿ ಕೇಳಿದ್ದರು. ಆ ಸಡಿಲಿಕೆಗೆ ಪ್ರತಿಯಾಗಿ ಊರಿಗೆ ಉಪಯೋಗವಾಗುವಂಥದ್ದೇನನ್ನಾದರೂ ಕೊಡಬೇಕೆಂಬುದು ಷರತ್ತು. ಅವರು ಕಾರಂಜಿಯಿರುವ ಉದ್ಯಾನ ಕೊಡುತ್ತೇನೆಂದಿದ್ದರು. ನಮ್ಮ ಬೀದಿಯ ಕುರಿ ಸಾಕುವ ಅಜ್ಜಿಗೆ ಬೇಕಾದದ್ದು ದಾರಿ. ಅವರ ಹಿಂಡು ಕಾವಲಿನ ಹುಲ್ಲುಗಾವಲಿಗೆ ಮೇಯಲು ಹೋಗುತ್ತಿದ್ದುದು ಆ ಜಮೀನಿನ ಅಂಚಿನಲ್ಲೇ. ಅದು ಮುಚ್ಚಿದರೆ ಲಾರಿಗಳ ನಡುವೆ ಹೆದ್ದಾರಿ ಹಿಡಿಯಬೇಕು, ಇಲ್ಲವೇ ಕುರಿ ಮಾರಬೇಕು. ಅರ್ಜಿ ಬರೆದುಕೊಡಿ ಎಂದು ಅವರು ಇತಿಹಾಸದ ಮೇಷ್ಟ್ರಾದ ನನ್ನಲ್ಲಿಗೆ ಬಂದರು.

ದಾರಿ ಯಾವ ಕಾಲದ್ದು ಎಂಬುದನ್ನು ಮೊದಲು ಖಚಿತಪಡಿಸಹೊರಟೆ. ಎರಡು ನಕಾಶೆಗಳು ಎರಡು ಬೇರೆ ಬೇರೆ ಇಸವಿ ಹೇಳಿದವು. ಅಜ್ಜಿಯನ್ನು ಕೇಳಿದೆ.

"ನಾನು ಮದುವೆಯಾಗಿ ಬಂದಾಗ್ಲೇ ಇತ್ತು. ಕುರಿಗಳೇನು ಬ್ರಹ್ಮಗಿರಿ ಶಾಸನದ ರಾಜನಂಗೆ ಬಂಡೆ ಮ್ಯಾಲೆ ಬರ್ಸಿ ಹೋಗ್ತಾವಾ ಮೇಷ್ಟ್ರೇ?"

ಸಭೆಯಲ್ಲಿ ಅಡಿಟಿಪ್ಪಣಿಗಳ ಸಹಿತ ಒಂಬತ್ತು ಪುಟ ಓದಿದೆ. ಯೋಜನಾಧಿಕಾರಿ ತಾಳ್ಮೆಯಿಂದ ಕೇಳಿ, "ಸರ್, ಇಲ್ಲಿರೋದು ಹಳೇ ಹಕ್ಕಿನ ಪ್ರಶ್ನೆ ಅಲ್ಲ. ಇವ್ರು ಹೆಚ್ಚಿಗೆ ತಗೊಳ್ತಾರೆ, ಬದಲಿಗೆ ಏನು ಕೊಡ್ತಾರೆ ಅನ್ನೋದು. ದಾರಿ ಎಷ್ಟು ಅಗಲ ಬೇಕು, ಹೇಳಿ" ಎಂದರು.

ಒಂಬತ್ತು ಪುಟಗಳಲ್ಲಿ ಅದೊಂದೇ ಇರಲಿಲ್ಲ.

"ಹತ್ತಡಿ ಸಾಕಲ್ವಾ?" ಎಂದರು ಮಾಲೀಕರು.

"ಒಂದು ಹಿಂಡಿಗೆ ಸಾಕು ಸಾಮಿ," ಎಂದರು ಅಜ್ಜಿ. "ಎದುರಿಗೆ ಇನ್ನೊಂದು ಬಂದ್ರೆ ಬೆರ್ತೋಗ್ತಾವೆ. ಬಿಡ್ಸೋಕೆ ಅರ್ಧ ದಿನ. ನೀವು ಬರ್ತೀರಾ?"

ಅಧಿಕಾರಿ ಮರುದಿನ ಬೆಳಿಗ್ಗೆ ಎಲ್ಲರನ್ನೂ ಜಮೀನಿಗೆ ಕರೆದರು. ಹತ್ತಡಿ ಅಂತರದಲ್ಲಿ ಎರಡು ಸಾಲು ಗೂಟ ನೆಟ್ಟು, ಹಳೆಯ ಸೀರೆಗಳನ್ನು ಬೇಲಿಯಂತೆ ಕಟ್ಟಿ, ಅಜ್ಜಿಯ ಹಿಂಡನ್ನೂ ಅವರ ಮೈದುನನ ಹಿಂಡನ್ನೂ ಎದುರುಬದುರು ಬಿಟ್ಟೆವು. ಕ್ಷಣದಲ್ಲಿ ಎರಡೂ ಒಂದಾದವು. ಮಾಲೀಕರು ಬಿಳಿ ಅಂಗಿಯಲ್ಲೇ ನುಗ್ಗಿ ಒಂದು ಕುರಿಯನ್ನು ತಬ್ಬಿ ಹಿಡಿದು ತಂದರು.

"ಅದು ನಮ್ದಲ್ಲ ಸಾಮಿ, ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಎಲ್ಲಾದ್ರದ್ದೂ ಒಂದೇ ಮುಖ ಐತಲ್ಲಜ್ಜಿ!"

"ನಿಮ್ಮ ಸೈಟುಗಳೂ ನಂಗೆ ಹಂಗೇ ಕಾಣ್ತಾವೆ."

ಹೆಚ್ಚು ನಕ್ಕವರು ಮಾಲೀಕರೇ. ಹದಿನೈದು ಅಡಿಯಲ್ಲೂ ಕುರಿಗಳು ಬೆರೆತವು, ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ಇಪ್ಪತ್ತಕ್ಕೆ ಗೂಟ ಸರಿಸಿದಾಗ ಅತ್ತಿಗೆ ಮೈದುನರಿಬ್ಬರೂ ನಟ್ಟನಡುವೆ ಕೋಲು ಅಡ್ಡಹಿಡಿದು, ತಂತಮ್ಮ ಕೂಗು ಹಾಕುತ್ತ ನಡೆದರು. ಹಿಂಡುಗಳು ಒಂದನ್ನೊಂದು ಮೂಸಿಯೂ ನೋಡದೆ ದಾಟಿದವು. ಅಧಿಕಾರಿ ಅಗಲ ಬರೆದುಕೊಂಡರು.

"ಹಂಗಾದ್ರೆ ಕಾರಂಜಿ ಬೇಡ್ವಾ?" ಮಾಲೀಕರ ದನಿಯಲ್ಲಿ ತುಸು ಬೇಸರವಿತ್ತು.

"ಹಾರೋ ನೀರು ಕುರಿ ಕುಡಿಯೋಕೆ ಬರಲ್ಲ ಸಾಮಿ. ಒಂದು ತೊಟ್ಟಿ ಕಟ್ಟಿಸ್ರಿ."

ದಾರಿಯೂ ತೊಟ್ಟಿಯೂ ಸಿದ್ಧವಾಗದೆ ಅಂಗಡಿಗಳನ್ನು ತೆರೆಯುವಂತಿಲ್ಲ ಎಂದು ಆದೇಶವಾಯಿತು. ದಾರಿ ತೆರೆದ ಮೊದಲ ದಿನ ಅಜ್ಜಿ ಹಿಂಡು ಹೊಡೆದುಕೊಂಡು ಹೋದರು. ಮಾಲೀಕರು ಅಂಗಿಯ ತೋಳು ಮಡಚಿ ಬದಿಯಲ್ಲಿ ನಿಂತಿದ್ದರು, ಎದುರಿನಿಂದ ಇನ್ನೊಂದು ಹಿಂಡು ಬಂದೀತೇ ಎಂದು ಕತ್ತು ಚಾಚಿ ನೋಡುತ್ತ.