ಲಿಂಗ ಎಂಬ ಕೋರ್ಸು

ಗಿರಿಜಾಂಬಾ ಮೇಡಂ ನಮ್ಮ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು, ನಾನು ಚರಿತ್ರೆ. ಅವರು ಲಕ್ಷ್ಮೀಪುರಂನ ಲಿಂಗಾಯತರ ಮನೆಯ ಮಗಳು. ಕತ್ತಿನಲ್ಲಿ ಇಷ್ಟಲಿಂಗ, ಹೆಗಲ ಚೀಲದ ತುಂಬ ವಿದೇಶಿ ಪತ್ರಿಕೆಗಳ ಜೆರಾಕ್ಸ್. ಗಡಿಯಲ್ಲಿ ಯಾರ ಮೈ ತಡವುತ್ತಾರೆ, ಯಾವ ಬಣ್ಣದವರಿಗೆ ವೀಸಾ ಕೊಡುತ್ತಾರೆ, ಗಂಡಸು ಗಂಡಸನ್ನು ಪ್ರೀತಿಸಿದರೆ ಯಾವ ದೇಶ ಜೈಲಿಗೆ ಹಾಕುತ್ತದೆ, ಇದೂ ಯುದ್ಧದಷ್ಟೇ ರಾಜಕಾರಣ ಎನ್ನುವುದು ಅವರು ಬರೆದಿದ್ದ ಪ್ರಬಂಧದ ಸಾರ. ಅದನ್ನು ನಮ್ಮ ಹುಡುಗಿಯರಿಗೆ ಪಾಠ ಮಾಡಬೇಕೆಂದು ತೊಂಬತ್ತರ ದಶಕವೆಲ್ಲ ಆಡಳಿತ ಮಂಡಳಿಗೆ ಅಲೆದು ಚಪ್ಪಲಿ ಸವೆಸಿದರು.

ಎರಡು ಸಾವಿರದ ಎರಡರಲ್ಲಿ ಒಪ್ಪಿಗೆ ಸಿಕ್ಕಿತು. ‘ಲಿಂಗ ಮತ್ತು ಜಾಗತಿಕ ರಾಜಕಾರಣ’ ಎಂಬ ಅರ್ಜಿಯಲ್ಲಿ ಅಧ್ಯಕ್ಷ ವೃಷಭೇಂದ್ರಪ್ಪನವರು ಓದಿದ್ದು ಮೊದಲ ಪದವನ್ನಷ್ಟೇ. ಉದ್ಘಾಟನೆಗೆ ಬಿಲ್ವಪತ್ರೆ ತರಿಸಿ, ಶಿವಲಿಂಗ ಲೋಕಕ್ಕೆಲ್ಲ ಹಬ್ಬಿದ ಬಗೆಯನ್ನು ವರ್ಣಿಸಿದರು. ಮೇಡಂ ಎದ್ದು, ಇಲ್ಲಿ ಲಿಂಗವೆಂದರೆ ಹೆಣ್ಣು ಗಂಡೆಂಬ ಭೇದ ಎಂದಾಗ ಅಧ್ಯಕ್ಷರ ಮುಖ ಹುಳ್ಳಗಾಯಿತು.

ಮರುದಿನ ಅಧ್ಯಕ್ಷರು ಮೇಡಂ ಅವರನ್ನು ಕರೆಸಿದರು. “ಹೆಸ್ರು ಹಂಗೇ ಇರ್ಲಿ ಕಣಮ್ಮ. ಒಳಗೆ ಲಿಂಗಪೂಜೆ, ಶೈವ ಸಿದ್ಧಾಂತ ಹೇಳ್ಕೊಟ್ಬುಡಿ. ಆ ಅಸಹ್ಯ ಎಲ್ಲ ನಮ್ ಮಕ್ಳಿಗ್ಯಾಕೆ?”

ಮೇಡಂ ಒಪ್ಪಲಿಲ್ಲ. ಕೋರ್ಸು ಸಂಸ್ಕೃತದ ಮೇಷ್ಟ್ರ ಪಾಲಾಯಿತು.

ಅಸಹ್ಯವಂತೆ. ನಿಜವಾದ ಅಸಹ್ಯ ಮುಂದಿತ್ತು. ಕಾಲೇಜಿಗೆ ದರ್ಜೆ ಕೊಡುವ ತಂಡ ಬರುತ್ತದೆಂದು ಗೊತ್ತಾದದ್ದೇ ತಡ, ಅದೇ ಕೋರ್ಸು ಇಂಗ್ಲಿಷ್ ವರದಿಯಲ್ಲಿ ಜೆಂಡರ್ ಸ್ಟಡೀಸ್ ಆಯಿತು. ಅದಕ್ಕೆ ಅಂಕವುಂಟು. ಕೀನ್ಯಾದಿಂದ ಬಂದಿದ್ದ ವಂಜಿರು ಎಂಬ ಹುಡುಗಿ, ಮೇಡಂ ಪಾಠ ಕೇಳಲೆಂದೇ ಹೆಸರು ಕೊಟ್ಟಿದ್ದವಳು, ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾದಳು. ಉಳಿದ ಹುಡುಗಿಯರ ಮನೆಯವರು ಒಪ್ಪುವುದಿಲ್ಲವೆಂದು ಅವಳಿಗೆ ಹಾಸ್ಟೆಲಿನಲ್ಲಿ ಜಾಗ ಕೊಡದೆ ಅಟ್ಟಿದವರೂ ಇವರೇ. ಸರಸ್ವತಿಪುರಂನ ಒಂದು ಕಾರ್ ಶೆಡ್ಡಿನಲ್ಲಿ ಅವಳ ವಾಸ.

“ಆ ಕರಿ ಹುಡ್ಗಿನ ಮುಂದ್ಗಡೆ ಕೂರ್ಸಿ, ನೀವೇ ಪಾಠ ಮಾಡ್ದಂಗೆ ಪಕ್ಕದಲ್ಲಿ ನಿಂತ್ಕೊಳಿ,” ಎಂದರು ಅಧ್ಯಕ್ಷರು. “ಅವ್ರು ಹೋದ್ಮೇಲೆ ಕೋರ್ಸು ನಿಮ್ದೇ. ಏನ್ ಬೇಕಾದ್ರೂ ಹೇಳ್ಕೊಡಿ, ನಾನ್ ಅಡ್ಡ ಬರಲ್ಲ.”

ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ವರ್ಷ ಬೇಡಿದ್ದು ಕೈಗೆ ಬರುತ್ತಿತ್ತು. ತಂಡ ಬರುವ ದಿನ ಮೇಡಂ ಆ ಕ್ಲಾಸಿಗೆ ಹೋಗಿ ಮುಂದಿನ ಬೆಂಚಿನ ಪಕ್ಕ ನಿಂತರು. ಒಪ್ಪಿದರೆಂದೇ ನಾವೆಲ್ಲ ತಿಳಿದೆವು.

ತಂಡ ಬಂತು. ವಂಜಿರು ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ತಂಡದಲ್ಲಿದ್ದ ಧಾರವಾಡದ ಹೆಂಗಸು ಕೇಳಿದರು: “ಈ ಕೋರ್ಸಿನ್ಯಾಗ ಏನು ಕಲಸ್ತೀರಿ?”

“ನಾನು ಏನೂ ಕಲಿಸಿಲ್ಲ ಮೇಡಂ,” ಎಂದರು ಗಿರಿಜಾಂಬಾ. “ಇದ್ರಲ್ಲಿ ಪೂಜೆ ಹೇಳ್ಕೊಡ್ತಾರೆ. ಈ ಹುಡ್ಗಿಗೆ ಹಾಸ್ಟೆಲಲ್ಲಿ ಜಾಗ ಇಲ್ಲ, ಈ ಬೆಂಚಲ್ಲಿ ಮಾತ್ರ ಇದೆ. ಅದೂ ನೀವು ಹೋಗೋವರ್ಗೆ.”

ಕೋರ್ಸು ರದ್ದಾಯಿತು. ಮೇಡಂ ಮುಂದೆಂದೂ ಅದನ್ನು ಕಲಿಸಲಿಲ್ಲ. ಥೂ, ಅಷ್ಟು ಕೇಳಿಯೂ ಆ ತಂಡ ಕಾಲೇಜಿಗೆ ಒಳ್ಳೆಯ ದರ್ಜೆಯನ್ನೇ ಕೊಟ್ಟು ಹೋಯಿತು. ವಂಜಿರು ಊರು ಬಿಟ್ಟ ಮೇಲೆ ಬಂದ ಪ್ರಾಸ್ಪೆಕ್ಟಸ್ಸಿನ ಮುಖಪುಟದಲ್ಲಿ ಅವಳದೇ ಫೋಟೋ, ಕೆಳಗೆ ‘ನಮ್ಮಲ್ಲಿ ಭೇದವಿಲ್ಲ’ ಎಂಬ ಸಾಲು. ಅವಳ ಮುಖವನ್ನು ಬೆಳ್ಳಗೆ ಮಾಡಿ ಅಚ್ಚು ಹಾಕಿಸಿದ್ದರು.