ಕಮಲಿಗೆ ಕುಡಿಸಿದ ನೀರು

ಕೆಲಸಕ್ಕೆಂದು ಊರು ಬಿಟ್ಟು ಬಂದು ನಾವಿದ್ದ ಪರ್ವರಿಯ ಗುಡ್ಡದ ಮೇಲೆ ಇಷ್ಟೊಂದು ಕಟ್ಟಡಗಳು ಎದ್ದಿರದ ಕಾಲವದು. ಬೇಸಿಗೆ ಬಂತೆಂದರೆ ಕೊಳೆತ ಗೋಡಂಬಿ ಹಣ್ಣಿನ ಹುಳಿ ವಾಸನೆ ನಮ್ಮ ತಗಡಿನ ಶೆಡ್ಡಿನೊಳಗೂ ಬರುತ್ತಿತ್ತು. ಅಪ್ಪ ಹೊಸ ಸ್ಲ್ಯಾಬಿಗೆ ನೀರು ಹೊಡೆಯುತ್ತಿದ್ದ, ಅವ್ವ ಇಟ್ಟಿಗೆ ಹೊರುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ನಾನು ತಂಗಿ ಕಮಲಿಯನ್ನು ನೋಡಿಕೊಳ್ಳುತ್ತಿದ್ದೆ.

ಕುಂಟಾಬಿಲ್ಲೆ ಆಡುವಾಗ ಕಮಲಿ ಅರ್ಧಕ್ಕೇ ಕೂತುಬಿಡುತ್ತಿದ್ದಳು. ಆಗ ಒಬ್ಬರೆದೆಗೆ ಒಬ್ಬರು ಕಿವಿ ಇಟ್ಟು ಕೇಳುವುದೇ ನಮ್ಮ ಆಟ. ಅವಳದು ಧಡ್ ಎಂದ ಮೇಲೆ ಬುಸ್ ಎನ್ನುತ್ತಿತ್ತು.

“ಒಳಗ ಹಾವೈತೇನ ಅಕ್ಕಾ?” ಎಂದು ನಗುತ್ತಿದ್ದಳು.

ದವಾಖಾನೆಗೆ ತೋರಿಸಿಕೊಂಡು ಬಂದ ದಿನ ಅಪ್ಪ ಮುಷ್ಟಿ ಬಿಗಿಹಿಡಿದು ತೋರಿಸಿದ.

“ಎದಿ ಅಂದ್ರ ನಮ್ಮ ನೀರಿನ ಮೋಟರ್ ಇದ್ದಂಗ. ಹಿಂಗ ಹಿಂಡಿದಾಗ ರಕ್ತ ಮೈಗೆಲ್ಲಾ ಹೋಗತೈತಿ. ಸಡಲಿದಾಗ ಮತ್ತ ತುಂಬತೈತಿ. ನಡುವ ವಾಲ್ವ್ ಇರತಾವ, ಹೋದ ರಕ್ತ ಹಿಂದ ಬರದಂಗ ತಡೀತಾವ. ಈಕಿದೊಂದು ವಾಲ್ವ್ ಸೋರಾಕತ್ತೈತಿ.”

“ಹಂಗಾರ ಬ್ಯಾರೆ ಹಾಕ್ಸು” ಎಂದೆ.

“ಮಳಿಗಾಲ ಮುಗದ ಮ್ಯಾಲ ಹಾಕತಾರಂತ. ಅಲ್ಲೀತನಾ ಉಪ್ಪು ಕಡಿಮಿ, ನೀರೂ ಕಡಿಮಿ.”

ಮೋಟರಿನ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಸೈಟಿನ ಮೋಟರಿನ ವಾಲ್ವೂ ಸೋರುತ್ತಿತ್ತು. ಬೆಳಗಾಗುವಷ್ಟರಲ್ಲಿ ಪೈಪಿನ ನೀರೆಲ್ಲ ತೊಟ್ಟಿಗೆ ಇಳಿದಿರುತ್ತಿತ್ತು. ಮೇಲಿಂದ ನೀರು ಹೊಯ್ದು ತುಂಬಿಸದೆ ಚಾಲೂ ಮಾಡಿದರೆ ಮೋಟರ್ ಸುಟ್ಟೇಹೋಗುತ್ತದೆ ಎನ್ನುತ್ತಿದ್ದ ಅಪ್ಪ. ದಿನಾ ತಂಬಿಗೆ ಹಿಡಿದು ಹೊಯ್ಯುತ್ತಿದ್ದವಳು ನಾನೇ. ನೀರು ಕಡಿಮೆ ಕೊಡಿ ಎಂದ ಡಾಕ್ಟರಿಗೆ ಮೋಟರ್ ಗೊತ್ತಿಲ್ಲ ಎಂದುಕೊಂಡೆ.

ಅವ್ವ ಕೆಲಸಕ್ಕೆ ಹೋದದ್ದೇ ತಡ, ಕಮಲಿಗೆ ನೀರು ಕುಡಿಸಲು ಶುರು ಮಾಡಿದೆ. ಬಾಯಾರಿದ ಹುಡುಗಿ, ಮೊದಮೊದಲು ಗಟಗಟ ಕುಡಿದಳು.

“ಸಾಕಕ್ಕಾ, ಹೊಟ್ಟಿ ಒಡೀತೈತಿ.”

“ಕುಡೀಲೇ, ಇಲ್ಲಾಂದ್ರ ನಿನ್ನ ಮೋಟರ್ ಸುಡತೈತಿ!”

ಕೆಲವೇ ದಿನಗಳಲ್ಲಿ ಅವಳ ಪಾದಗಳು ಬಾತುಕೊಂಡವು. ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಿದ್ದಳು. ಒಂದು ಮುಂಜಾನೆ ಅಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದ, ಹಿಂದೆ ನಾನು, ಅವ್ವ.

ಏನು ತಿನ್ನಿಸಿದಿರಿ, ಏನು ಕುಡಿಸಿದಿರಿ ಎಂದು ಡಾಕ್ಟರು ಹಿಂದಿಯಲ್ಲಿ ಗದರಿದರು. ಅವ್ವ ಕನ್ನಡದಲ್ಲೇ ಅತ್ತಳು.

“ನಂದ ತಪ್ಪರೀ ಸಾಹೇಬ್ರ. ಕೂಸು ಬೇಡಿತಂತ ಉಪ್ಪಿನಕಾಯಿ ಹೋಳು ಕೊಟ್ಟೀನ್ರೀ.”

ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

ಕಮಲಿ ಉಳಿದಳು. ಮಳೆಗಾಲದ ನಂತರ ಆಪರೇಷನ್ ಮಾಡಿ ಲೋಹದ ವಾಲ್ವ್ ಹಾಕಿದರು. ಈಗ ವೆರ್ಣಾದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾಳೆ. ಅವಳೆದೆಗೆ ಕಿವಿ ಇಟ್ಟರೆ ಬುಸ್ ಎನ್ನುವುದಿಲ್ಲ, ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತದೆ. ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ. “ಹುಚ್ಚಿ, ಸಣ್ಣಾಕಿ ಇದ್ದಿ, ಬಿಡು” ಎಂದಳು.

ಅವ್ವನಿಗೆ ಹೇಳಲಿಲ್ಲ. ಉಪ್ಪಿನಕಾಯಿ ಒಂದಿದ್ದರೆ ಪಲ್ಯ ಕೇಳದವಳು ದವಾಖಾನೆಯ ಆ ದಿನದಿಂದ ಅದನ್ನು ಮುಟ್ಟಲಿಲ್ಲ. ಊಟಕ್ಕೆ ಕೂತಾಗ ಭರಣಿಯನ್ನು ನಮ್ಮ ಕಡೆ ಸರಿಸಿ, ತಾನು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಳ್ಳುತ್ತಿದ್ದಳು. ಇವತ್ತು ಹೇಳಬೇಕು ಎಂದುಕೊಳ್ಳುತ್ತಲೇ ನಾನು ಹೋಳು ಬಡಿಸಿಕೊಳ್ಳುತ್ತಿದ್ದೆ.

ಈಗ ಗುಡ್ಡದಲ್ಲಿ ಗೋಡಂಬಿ ಮರಗಳಿಲ್ಲ. ಅವ್ವನೂ ಇಲ್ಲ. ಬೇಸಿಗೆಗೆ ನಾನು ಅವಳ ಹಾಗೆಯೇ ಉಪ್ಪಿನಕಾಯಿ ಹಾಕುತ್ತೇನೆ. ಉಪ್ಪು ಸರಿಯಾಗಿದೆಯೇ ಎಂದು ಒಂದು ಹೋಳು ಬಾಯಿಗಿಡುವಾಗಲೆಲ್ಲ, ಅವಳು ತಿನ್ನದೇ ಬಿಟ್ಟ ಹೋಳು ಅದೇ ಅನ್ನಿಸುತ್ತದೆ.