ಉಡಿಯಿಂದ ಚೆಲ್ಲಿದ ಅಕ್ಕಿ

ಅಕ್ಕಿ ಚೆಲ್ಲಿದ್ದಂತೂ ಖರೆ. ಬೆಳಗಾವಿಯ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕ ಮಣೆಯ ಮೇಲೆ ಕುಳಿತು ಸೆರಗೊಡ್ಡಿದ್ದಳು, ಅವ್ವ ಉಡಿ ತುಂಬುತ್ತಿದ್ದಳು. ಖಾನಾಪುರದ ಗಂಡನ ಮನೆಯಿಂದ ಅಕ್ಕ ಹೇಳದೆ ಕೇಳದೆ ಬಂದು ಎರಡು ದಿನವಾಗಿತ್ತು. ಮಗಳನ್ನು ಬರಿಗೈಲಿ ಕಳಿಸಬಾರದು. ಅದಕ್ಕೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕು. ಅವಳ ಒಂದು ಕೈ ಮೇಲೇಳಲಿಲ್ಲ. ಅಕ್ಕಿ ನೆಲಕ್ಕೆ ಸುರಿಯಿತು.

"ನೆಟ್ಟಗ ಹಿಡಿಯವಾ," ಎಂದಳು ಅವ್ವ. ಕೈಗೇನಾಯಿತು ಎಂದು ಕೇಳಲಿಲ್ಲ. ಚೆಲ್ಲಿದ್ದನ್ನು ಬಳಿದು ಮತ್ತೆ ಉಡಿಗೆ ಹಾಕಿದಳು.

ಆದರೆ ಏಳದಿದ್ದದ್ದು ಯಾವ ಕೈ? ಒಮ್ಮೆ ನೆನೆದರೆ ಎಡಗೈ, ಇನ್ನೊಮ್ಮೆ ಬಲಗೈ. ಅವಳನ್ನು ಬಿಟ್ಟುಬರಲು ನಾನೇ ಹೋಗಿದ್ದೆ. ಬಸ್ಸಿನ ಕಿಟಕಿಗೆ ಮಳೆ ಬಡಿಯುತ್ತಿತ್ತು. ಅದೇ ಬಸ್ಸಿನಲ್ಲಿ ಅಕ್ಕ ನನಗೆ ಎಲೆಯ ಪೊಟ್ಟಣದಿಂದ ಕವಳಿ ಹಣ್ಣು ಕೊಟ್ಟದ್ದೂ ನೆನಪಿದೆ. ಕವಳಿ ಹಣ್ಣಾಗುವುದು ಬೇಸಿಗೆಯಲ್ಲಿ. ಇಂಥ ನೆನಪನ್ನು ನಂಬುವುದು ಹೇಗೆ?

ಎಪ್ಪತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತ, ಖಾನಾಪುರ ಸೀಮೆಯ ನಂದಗಡ, ಪಾರಿಶ್ವಾಡಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆಯ ಫಾರಂ ತುಂಬುತ್ತಿದ್ದೆ. 'ಮನೆಯಲ್ಲಿ ಹೆಂಗಸರಿಗೆ ಹೊಡೆತ ಬಡಿತ ಉಂಟೆ?' ಎಂಬ ಪ್ರಶ್ನೆಯೂ ಇತ್ತು. ಕಟ್ಟೆಯ ಮೇಲೆ ಕೂತ ಗಂಡಸರು ಇಲ್ಲ ಎನ್ನುತ್ತಿದ್ದರು. ಬಾಗಿಲ ಹಿಂದಿನ ಹೆಂಗಸರು ಅದಕ್ಕೇ ಹೂಂಗುಟ್ಟುತ್ತಿದ್ದರು. ನನ್ನ ಲೆಕ್ಕಕ್ಕೆ ಒಂದು ಮನೆ ಕಡಿಮೆ ಬಿದ್ದಿತ್ತು. ಅಕ್ಕನನ್ನು ಬಿಡಲು ಹೋದಾಗ ಅವಳ ಮನೆಯದನ್ನೇ ಬರೆದುಕೊಂಡೆ.

ಆ ಪ್ರಶ್ನೆ ಓದಿದಾಗ ಅಕ್ಕನ ಗಂಡ ಚಹಾದ ಬಸಿ ಕೆಳಗಿಟ್ಟ. "ಬರಕೋರಿ ಸಾಹೇಬ್ರ, ಈ ಮನ್ಯಾಗ ಹೊಡಿಸಿಕೊಳ್ಳಾಂವ ನಾನು," ಎಂದು ನಕ್ಕ. ಅಕ್ಕನೂ ನಕ್ಕಳು. ನಾನೂ ನಕ್ಕಿರಬೇಕು. 'ಇಲ್ಲ' ಎಂದು ಬರೆದೆ. ಆ ಹಾಳೆ ಉಳಿದವುಗಳ ಜೊತೆ ಧಾರವಾಡಕ್ಕೆ ಹೋಯಿತು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಹತ್ತು ವರ್ಷದ ಮೇಲೆ, ಅವ್ವ ತೀರಿಕೊಂಡ ನಂತರ, ಅಕ್ಕ ಬೆಳಗಾವಿಗೆ ಬಂದಿದ್ದಳು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು.

"ಅಕ್ಕಾ, ಆವತ್ತ ಉಡಿ ತುಂಬುವಾಗ ಅಕ್ಕಿ ಚೆಲ್ಲಿತ್ತಲ್ಲ. ಯಾವ ಕೈ ನೋಯ್ತಿತ್ತು ನಿನಗ?"

ಅವಳು ತಲೆ ಎತ್ತಲಿಲ್ಲ. "ಯಾವ ಸಲದ್ದು ಕೇಳಾಕತ್ತಿ?"

ಒಂದು ಹರಳು ಆರಿಸಿ ಪಕ್ಕಕ್ಕೆಸೆದಳು.

"ಮಳಿಗಾಲದಾಗ ಎಡಗೈ. ಬ್ಯಾಸಿಗ್ಯಾಗ ಬಂದಾಗ ಬಲಗೈ. ಮತ್ತೊಮ್ಮೆ ಕೈ ನೆಟ್ಟಗ ಇದ್ದೂವು, ಬೆನ್ನ ಬಗ್ಗತಿರಲಿಲ್ಲ. ಎಲ್ಲಾ ಸಲ ನೀನ ಬಿಟ್ಟು ಬಂದೀಯಲ್ಲೋ ತಮ್ಮಾ. ಇಷ್ಟು ಓದಿದಾಂವ, ಮರತೀ ಏನು?"

ಮರೆತಿರಲಿಲ್ಲ. ಮಳೆಯೂ ಕವಳಿ ಹಣ್ಣೂ ಎರಡೂ ನಿಜವಾಗಿದ್ದವು. ಹಾಗಾದರೆ ಫಾರಂ ಬರೆದದ್ದು ಯಾವ ಸಲ? ಮೊದಲ ಸಲವಾಗಿದ್ದರೆ, ನನಗೆ ತಿಳಿದಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಿತ್ತೇನೋ. ಅಂದೂ ಅವಳ ಕೈ ನೋಡಿಯೇ ಇದ್ದೆನಲ್ಲ. ಕೊನೆಯ ಸಲವಾಗಿದ್ದರೆ?

ಅದು ಅಕ್ಕನಿಗೆ ನೆನಪಿದ್ದೇ ಇರುತ್ತದೆ. ಕೇಳಬೇಕೆಂದು ಅವಳ ಎದುರಿಗೆ ಕುಳಿತೆ. ಅವಳು ಮೊರವನ್ನು ನನ್ನತ್ತ ಸರಿಸಿದಳು. ಇಬ್ಬರೂ ಹರಳು ಆರಿಸಿದೆವು. ನಾನು ಕೇಳಲಿಲ್ಲ.